ಶಿವದಾರ ಎಳೆದ ಕೈ

ಅತ್ತಿಯವರಿಗೆ, ನಿಮ್ಮ ಸೊಸಿಯ ಶರಣು.

ಇವತ್ತು ಸೋಮವಾರ, ನೀವು ಹಿಡಿಸಿದ ಉಪವಾಸ. ನೀರು ತುಂಬಿದ್ದಾಯಿತು, ಬಾಗಿಲಿಗೆ ರಂಗೋಲಿ ಹಾಕಿದ್ದಾಯಿತು, ಲಿಂಗಪೂಜೆಗೂ ಕೂತದ್ದಾಯಿತು. ನಿಮ್ಮ ಮಗನಿಗೆ ಈ ವಾರ ಬಿಡಕಿನ್ ಕಾರ್ಖಾನೆಯಲ್ಲಿ ಸೆಕೆಂಡ್ ಶಿಫ್ಟು, ಹೊರಗಿನ ಕೋಣೆಯಲ್ಲಿ ಪೇಪರ್ ಓದುತ್ತ ಕೂತಿದ್ದಾರೆ. ನನಗೆ ಮಾತ್ರ ಕೂತಲ್ಲಿ ಕೂರಲಾಗುತ್ತಿಲ್ಲ. ತೊಳೆದ ತಂಬಿಗೆಯನ್ನೇ ಮತ್ತೆ ತೊಳೆದೆ. ಹನ್ನೊಂದು ಗಂಟೆಗೆ ನಿಮ್ಮ ಮೊಮ್ಮಗಳು ನಾಶಿಕ್‌ನಲ್ಲಿ ದೊಡ್ಡವರ ಮುಂದೆ ನಿಂತು ನಿಮ್ಮ ಕಥೆ ಹೇಳಲಿದ್ದಾಳೆ. ಅದರಲ್ಲಿ ಒಂದು ಮಾತು ಸುಳ್ಳು. ಆ ಸುಳ್ಳು ಅವಳದಲ್ಲ, ನನ್ನದು.

ನೀವು ಹೋದಾಗ ಗೌರಿ ಇನ್ನೂ ಶಾಲೆಯಲ್ಲಿದ್ದಳು. ಈಗ ಇಲ್ಲೇ ಸಂಭಾಜಿನಗರದಲ್ಲಿ ದೊಡ್ಡ ಓದು ಓದುತ್ತಿದ್ದಾಳೆ. ಡಾಕ್ಟರಿಕೆಯಲ್ಲ, ಆಸ್ಪತ್ರೆ ನಡೆಸುವ ವಿದ್ಯೆ. ರೋಗಿ ಬಾಗಿಲೊಳಗೆ ಕಾಲಿಟ್ಟಾಗಿನಿಂದ ಮನೆಗೆ ಹೋಗುವತನಕ ಯಾರು ಏನು ಕೇಳಬೇಕು, ಹೇಗೆ ಕೇಳಬೇಕು ಅನ್ನುವುದು. ಇದನ್ನೂ ಕಲಿಯಬೇಕೇ ಎಂದು ನೀವು ನಗುತ್ತಿದ್ದಿರೇನೋ. ಆ ಕೆಲಸದವರೆಲ್ಲ ಸೇರುವ ಎರಡು ದಿನದ ಸಮ್ಮೇಳನಕ್ಕೆ ಕಾಲೇಜಿನಿಂದ ಐದು ಜನ ಹೋಗಿದ್ದಾರೆ.

ಶನಿವಾರ ಕಸ ಹೊಡೆಯಲು ಹೋದರೆ ಕೋಣೆಯ ತುಂಬ ಒಂದು ಪೋಸ್ಟರ್ ಹಾಸಿತ್ತು, ನಾಲ್ಕು ಮೂಲೆಗೆ ನನ್ನ ನಾಲ್ಕು ಡಬ್ಬಿ. ಎಲ್ಲ ಇಂಗ್ಲಿಷು. ನಡುವೆ ಒಂದು ಚಿತ್ರ ಮಾತ್ರ ನನಗೆ ತಿಳಿಯಿತು: ಲಿಂಗವಿಡುವ ಬೆಳ್ಳಿ ಕರಡಿಗೆ, ಅದರ ಶಿವದಾರ. ಕಸಬರಿಗೆ ಕೈಯಲ್ಲೇ ನಿಂತಿತು.

“ಇದೇನವಾ ಗೌರೀ?”

“ಅಜ್ಜೀದು, ಮಮ್ಮಿ. ಎಂಆರ್‌ಐ ಮುಂದ ಅಜ್ಜಿ ಲಿಂಗ ತೆಗೀಲಿಕ್ಕೆ ನಕೋ ಅಂದ್ಲಲ್ಲ, ಅದೇ ಕೇಸ್. ದವಾಖಾನಿಯವ್ರು ಮೊದ್ಲೇ ಅಕಿ ಭಾಷಾದಾಗ ತಿಳಿಸಿ ಹೇಳಿದ್ರ, ಕಟ್ಟಿಡ್ಲಿಕ್ಕೆ ಒಂದು ಸ್ವಚ್ಛ ಅರಿವಿ ಕೊಟ್ಟಿದ್ರ, ಟೈಮ್ ಹೋಗ್ತಿರ್ಲಿಲ್ಲ. ಅದೇ ಹೇಳಾಕಿ ನಾ.”

“ಅಜ್ಜಿ ಬ್ಯಾಡ ಅಂದ್ಲಂತ ಬರ್ದೀಯೇನು?”

“ಮತ್ತೇನು? ದವಾಖಾನಿ ಪೇಪರಿನ್ಯಾಗ ಹಂಗೇ ಅದ. ನೀನೂ ಹಂಗೇ ಹೇಳ್ಕೋತ ಬಂದೀದಿ.”

ಹೌದು, ಹೇಳುತ್ತ ಬಂದಿದ್ದೇನೆ. ಬಂದ ಬೀಗರಿಗೆಲ್ಲ, ‘ನಾಲಿಗಿ ಬಿದ್ದಿದ್ರೂ ನಮ್ಮತ್ತಿ ಲಿಂಗ ತೆಗೀಲಿಕ್ಕೆ ಒಪ್ಪಲಿಲ್ಲ’ ಎನ್ನುತ್ತಿದ್ದೆ. ಕೇಳಿದವರು ಕೈ ಮುಗಿಯುತ್ತಿದ್ದರು. ನನಗೂ ಕೇಳಲು ಚೆನ್ನಾಗಿತ್ತು, ಅತ್ತಿ. ಹೇಳುತ್ತ ಹೇಳುತ್ತ ನಾನೇ ನಂಬಿಬಿಟ್ಟಿದ್ದೆ, ಅಥವಾ...

ನಿನ್ನೆ ಬೆಳಿಗ್ಗೆ ಗೆಳತಿಯರು ಅವಳನ್ನು ಕರೆದೊಯ್ಯಲು ಬಂದರು. ಎಲ್ಲರಿಗೂ ಕರಿ ಕೋಟು. “ದವಾಖಾನಿಗೆ ಹೊಂಟೀರೋ ಕೋರ್ಟಿಗೆ ಹೊಂಟೀರೋ?” ಎಂದೆ. ಪ್ರಣಾಲಿ ಎನ್ನುವ ಮರಾಠಿ ಹುಡುಗಿ ನಕ್ಕು, “ಕಾಕೂ, ಕೋಟು ಅಣ್ಣಂದು, ಕಿಸೇದಾಗ ಅವನ ಬೀಗದಕೈನೂ ಬಂದಾವ” ಎಂದು ಗೌರಿಯ ಬಾಯಿಂದ ಕನ್ನಡದಲ್ಲಿ ಹೇಳಿಸಿದಳು. ಐವರಿಗೂ ಸಾಲುವಷ್ಟು ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಟ್ಟೆ. ಹೇಳಬೇಕಾದದ್ದನ್ನು ಮಾತ್ರ ಕಟ್ಟಿಕೊಡಲಿಲ್ಲ. ಮಧ್ಯಾಹ್ನ ಬಸ್ಸು ನಿಫಾಡ್ ದಾಟುವಾಗ ದ್ರಾಕ್ಷಿ ತೋಟದ ಫೋಟೋ ಕಳಿಸಿದಳು. ಫೋಟೋ ನೋಡುವಾಗಲೂ ನನಗೆ ಆ ಪೋಸ್ಟರೇ ಕಣ್ಣಮುಂದೆ.

ಆ ದಿನ ನಿಮಗೆ ನೆನಪಿದೆಯೇ? ಲಕ್ವ ಹೊಡೆದು ನಿಮ್ಮ ಬಲಗೈ, ನಾಲಿಗೆ ಎರಡೂ ಬಿದ್ದಿದ್ದವು. ನಿಮ್ಮ ಮಗ ಔಷಧಿ ತರಲು ಕೆಳಗೆ ಹೋಗಿದ್ದರು. ಮಷೀನಿನ ಕೋಣೆಯ ಬಾಗಿಲಲ್ಲಿ ನರ್ಸಬಾಯಿ ಕೊರಳಲ್ಲಿದ್ದದ್ದು ತೆಗೆಯಿರಿ ಎಂದು ಮರಾಠಿಯಲ್ಲಿ ಹೇಳಿದಳು. ನಮ್ಮಲ್ಲಿ ಅದು ನಡೆಯುವುದಿಲ್ಲ ಎಂದು ನಾನು ಅಡ್ಡ ನಿಂತೆ. ಅವಳು ನನ್ನನ್ನು ಬಿಟ್ಟು ನಿಮ್ಮ ಮುಖ ನೋಡಿ, ಕೊರಳು ಮುಟ್ಟಿ ತೋರಿಸಿ ಕೇಳಿದಳು. ನೀವು ಎಡಗೈಯಿಂದ ಶಿವದಾರ ಹಿಡಿದು ಮೇಲಕ್ಕೆ ಎಳೆದಿರಿ. ದಾರ ಕಿವಿ ದಾಟಿತ್ತು. ನಾನು ಆ ಕೈ ಹಿಡಿದು ಕೆಳಗಿಟ್ಟೆ. ದಾರವನ್ನು ಮತ್ತೆ ಕೊರಳಿಗೆ ಸರಿಮಾಡಿ, “ಆಜೀ ನಕೋ ಮ್ಹಣತಾತ” ಎಂದೆ. ಅಜ್ಜಿ ಬೇಡವೆನ್ನುತ್ತಾರೆ ಎಂದು. ಅವಳು ಬರೆದುಕೊಂಡಳು. ನಮ್ಮ ಪಾಳಿ ಮತ್ತೊಬ್ಬರಿಗೆ ಹೋಯಿತು. ಆಗ ನೀವು ನನ್ನನ್ನು ನೋಡಿದ ಆ ನೋಟ...

ನಾನು ಹೊಸದಾಗಿ ಭಾಲ್ಕಿ ಕಡೆಯ ನಿಮ್ಮ ಹಳ್ಳಿಮನೆಗೆ ಬಂದಾಗ, ಜಳಕದ ಹೊತ್ತಿನಲ್ಲಿ ಲಿಂಗವನ್ನು ಗೂಡಿನಲ್ಲಿ ಬಿಚ್ಚಿಟ್ಟಿದ್ದೆ. “ಲಿಂಗ ಮೈ ಬಿಟ್ರ ಜೀವ ಬಿಟ್ಟಂಗ, ತಂಗೀ. ಇವತ್ತು ನೀ ಉಣ್ಣಂಗಿಲ್ಲ” ಎಂದಿರಿ. ಸಂಜೆಯತನಕ ನೀವೂ ಉಣ್ಣದೆ ನನ್ನ ಪಕ್ಕದಲ್ಲಿ ಕೂತಿರಿ. ಆಸ್ಪತ್ರೆಯಲ್ಲಿ ನಾನು ನಡೆಸಿದ್ದು ಆ ಪಾಠವನ್ನೇ ಎಂದುಕೊಂಡಿದ್ದೆ. ಆದರೆ ಉಪವಾಸದ ದಿನ ಸುಳ್ಳು ಬರೆಯಲಾರೆ. ಎದುರಿನ ಬೆಂಚಿನಲ್ಲಿ ನಮ್ಮ ಕಡೆಯ ಇಬ್ಬರು ಹೆಂಗಸರು ಕೂತಿದ್ದರು. ಅವರು ನೋಡುತ್ತಿದ್ದಾರೆ ಅನ್ನುವುದೂ ನನ್ನ ತಲೆಯಲ್ಲಿತ್ತು.

ಮಧ್ಯಾಹ್ನ ದೊಡ್ಡ ಡಾಕ್ಟರು ಬಂದು ಬೈದ ಮೇಲೆ ನಾನೇ ಬಿಚ್ಚಿ, ಸೆರಗಿನಲ್ಲಿ ಕಟ್ಟಿ, ಎದೆಗೆ ಒತ್ತಿ ಹಿಡಿದು ಬಾಗಿಲಲ್ಲಿ ಕೂತೆ. ಬೆಳಿಗ್ಗೆ ಮಾಡಬೇಕಿದ್ದ ಕೆಲಸವೂ ಅಷ್ಟೇ. ಮೂರನೆಯ ದಿನ ಅದೇ ಲಿಂಗವನ್ನು ನಿಮ್ಮ ಅಂಗೈಯಲ್ಲಿಟ್ಟು ಮಣ್ಣು ಮಾಡಿದೆವು. ಬೆಳಿಗ್ಗೆಯೇ ಒಳಗೆ ಹೋಗಿದ್ದರೆ ಉಳಿಯುತ್ತಿದ್ದಿರೇ? ಹೇಳಲಾಗದು ಎಂದರು ಡಾಕ್ಟರು. ಹೇಳಲಾಗದು ಎಂದರೆ ಏನು, ಅತ್ತಿ? ಹೌದೆಂದೋ, ಅಲ್ಲವೆಂದೋ?

ಇವತ್ತು ಪೂಜೆಗೆ ಲಿಂಗವನ್ನು ಎಡಗೈಯಲ್ಲಿಟ್ಟುಕೊಂಡಾಗ ನಿಮ್ಮ ಎಡಗೈ ಕಂಡಿತು. ಆಮೇಲೆ ಮಂತ್ರ ಮುಂದೆ ಹೋಗಲಿಲ್ಲ. ಎದ್ದು ಫೋನಿನಲ್ಲಿ ಮಾತು ರೆಕಾರ್ಡ್ ಮಾಡಿ ಗೌರಿಗೆ ಕಳಿಸಿದೆ: “ಗೌರೀ, ನಿಮ್ಮಜ್ಜಿ ಬ್ಯಾಡ ಅಂದಿಲ್ಲವಾ. ತೆಗೀರಿ ಅಂತ ದಾರ ಎಳದ್ರು. ನಾ ಕೈ ಹಿಡ್ದೆ. ಹಂಗೇ ಹೇಳು ಅಲ್ಲಿ. ನಮ್ಮವ್ವ ತಡದ್ಲು ಅನ್ನು, ನಡೀತದ. ಮನಿಯವ್ರನ್ನ ಕೇಳೂಕಿಂತ ಮೊದ್ಲು ಮಲಗಿದವ್ರನ್ನ ಕೇಳ್ರಿ ಅನ್ನು.” ಕಳಿಸಿದ್ದೇ ಫೋನನ್ನು ಹೊರಗೆ ಚಾರ್ಜಿಗೆ ಹಾಕಿ ಒಳಗೆ ಬಂದೆ. ಎತ್ತಿಕೊಳ್ಳುವ ಧೈರ್ಯವಿಲ್ಲದೆ ನಿಮಗೆ ಬರೆಯುತ್ತ ಕೂತೆ. ಇನ್ನು ಮೇಲೆ ಬೀಗರಿಗೂ ಆದದ್ದನ್ನು ಆದಹಾಗೆಯೇ ಹೇಳುತ್ತೇನೆ, ಇದು ನಿಮಗೆ ಕೊಟ್ಟ ಮಾತು. ಆದರೆ ಬೀಗರಿಗಿಂತ ಮೊದಲು ಹೇಳಬೇಕಾದವರು ಈ ಗೋಡೆಯ ಆಚೆ ಕೂತಿದ್ದಾರೆ. ನಿಮ್ಮ ಮಗನಿಗೂ ನಾನು ಇವತ್ತಿನವರೆಗೆ ಹೇಳಿಲ್ಲ.

ಈಗ ಫೋನು ಎರಡು ಸಲ ಸದ್ದು ಮಾಡಿತು.

“ಏ, ಗೌರಿದು ಏನೋ ಬಂದದ ನೋಡು” ಎನ್ನುತ್ತಿದ್ದಾರೆ.

“ಅಕಿ ಉತ್ತರರೀ. ಫೋನ್ ಇಲ್ಲಿಗೆ ತಗೊಂಡು ಬರ್ರಿ” ಎಂದೆ. “ನಿಮ್ಮವ್ವನ ಫೋಟೋದ ಮುಂದ ಕೂಡ್ರಿ. ಮೊದ್ಲು ನಾ ಕಳಿಸಿದ್ದು ಕೇಳ್ರಿ, ಆಮ್ಯಾಲೆ ಅಕಿದು ಹಚ್ಚರಿ.”