ಒಂದು ನಾಯಿ, ಎರಡು ಸಾಲು

ಮಾರ್ಚ್ 3
ಒಂಬತ್ತಕ್ಕೇ ಹದಿನಾಲ್ಕು ಪ್ರಾಣಿ. ಒಂದು ಬೆಕ್ಕು ಕೀಬೋರ್ಡ್ ಮೇಲೆ ಮಲಗಿ ಎಂಟು ಸಾಲು ಟೈಪ್ ಮಾಡಿತು. ಅಳಿಸಿದೆ.

ಪಶು ಆಸ್ಪತ್ರೆಗೆ ನಾನು ಮಾಡಿಕೊಟ್ಟ ಕಂಪ್ಯೂಟರ್ ರಿಜಿಸ್ಟರ್‌ಗೆ ಇಂದು ಒಂದು ತಿಂಗಳು. ಒಂದೇ ಟೇಬಲ್, ಅಂದರೆ ಒಂದೇ ಪಟ್ಟಿ. ಫೋನ್ ನಂಬರ್, ಮಾಲೀಕರು, ಪ್ರಾಣಿ, ಔಷಧಿ — ಎಲ್ಲ ಒಂದೇ ಸಾಲಿನಲ್ಲಿ. ಡಾಕ್ಟರಮ್ಮನಿಗೆ ಖುಷಿಯೋ ಖುಷಿ.

ಅಕ್ಕನಿಗೆ ತೋರಿಸಿದೆ. ಡೇಟಾಬೇಸ್ ಕಟ್ಟುವುದೇ ಅವಳ ಕೆಲಸ, ಹೊಗಳಲಿ ಎಂದು. ಮೂಗು ಮುರಿದಳು.

"ಮಾಲೀಕರು ಬೇರೆ, ಪ್ರಾಣಿ ಬೇರೆ, ಬಂದು ತೋರಿಸ್ಕೊಂಡು ಹೋಗಿದ್ದು ಬೇರೆ ಕಣೇ. ಮೂರನ್ನೂ ಕಲಸಿಟ್ಟಿದ್ದೀಯಲ್ಲ!"

"ನಾಯಿ-ಬೆಕ್ಕಿಗೆ ಅಷ್ಟೆಲ್ಲ ಯಾಕೆ?" ಎಂದೆ. ಈಗ ಮಾತು ಬಿಟ್ಟಿದ್ದೇವೆ.

ಮಾರ್ಚ್ 6
ಪ್ರಾಣಿಯ ಬಗ್ಗೆ ಕಂಪ್ಯೂಟರ್ ಕಳಿಸಬೇಕಾದ ಮೆಸೇಜು ಮಾಲೀಕರ ಹೆಸರಿಗೇ ಹೋಗಿದೆ. ನಿವೃತ್ತ ಹೆಡ್‌ಮಾಸ್ಟರಿಗೆ: "ತಮಗೆ ಜಂತುಹುಳುವಿನ ಮಾತ್ರೆ ಬಾಕಿ ಇದೆ. ಉಗುರು ಕತ್ತರಿಸಿಕೊಳ್ಳಲು ಬನ್ನಿ."

ಫೋನ್ ಬಂತು. "ಉಗುರು ನಾನೇ ಕತ್ತರಿಸ್ಕೋತೀನಮ್ಮ. ಇನ್ನೊಂದರ ಬಗ್ಗೆ ಯೋಚಿಸ್ತೀನಿ."

ಅಕ್ಕನಿಗೆ ಹೇಳಲಿಲ್ಲ.

ಮಾರ್ಚ್ 10
ಈಜು ಕಲಿಸುವ ಟೀಚರ್ ಕರಿನಾಯಿ ತಂದರು. ಹೆಸರು ಗುಳ್ಳೆ. ಎಡಗಿವಿ ಹರಿದಿದೆ. ಮೈಯೆಲ್ಲ ತುರಿಕೆ. ಡಾಕ್ಟರಮ್ಮ ಮಾತ್ರೆ ಬರೆದರು — ನಿದ್ದೆ ಬರಿಸುವಂಥದ್ದು, ರಾತ್ರಿ ಒಂದೇ ಒಂದು. ಹೊಸ ನಂಬರ್, ಹೊಸ ಸಾಲು.

ಮಾರ್ಚ್ 12
ಡಾಕ್ಟರಮ್ಮ ರಜೆ. ಬದಲಿ ಡಾಕ್ಟರ್ ಇದ್ದಾಗ ಟೈಲರ್ ಒಬ್ಬರು ಬಂದರು. ಕರಿನಾಯಿ, ಹೆಸರು ಬಟನ್. ತುರಿಕೆ.

"ಬೇರೆ ಔಷಧಿ ಏನಾದ್ರೂ ಕೊಡ್ತಿದ್ದೀರಾ?"

"ನಾನಂತೂ ಇಲ್ಲ ಸಾರ್."

ಕಂಪ್ಯೂಟರ್ ನೋಡಿದೆ. ಈ ನಂಬರಿಗೆ ಏನೂ ಇಲ್ಲ. ಡಾಕ್ಟರ್ ಗುಳ್ಳೆಗೆ ಕೊಟ್ಟಿದ್ದ ಮಾತ್ರೆಯನ್ನೇ ಬರೆದರು, ಬೆಳಿಗ್ಗೆ ಒಂದು. ಇದಕ್ಕೂ ಎಡಗಿವಿ ಹರಿದಿದೆ. ಕರಿನಾಯಿಗಳ ಹಣೆಬರಹವೇ ಇಷ್ಟು ಅಂದುಕೊಂಡೆ.

ಮಾರ್ಚ್ 15
ಹನ್ನೊಂದಕ್ಕೆ ಟೈಲರ್ ಓಡಿ ಬಂದರು, ಕೊರಳಲ್ಲಿ ಅಳತೆ ಟೇಪು, ತೋಳಲ್ಲಿ ನಾಯಿ. "ಕಣ್ಣೇ ಬಿಡ್ತಿಲ್ಲ ಮೇಡಂ!" ಅಂಗಡಿ ಪಕ್ಕದವರು ಫೋನ್ ಮಾಡಿದರಂತೆ, ಹಿಂದೆಯೇ ಈಜಿನ ಟೀಚರ್ — ಒದ್ದೆ ಕೂದಲು, ಕೊರಳಲ್ಲಿ ಸೀಟಿ.

"ಗುಳ್ಳೇ!"

"ಬಟನ್ ಅವನು," ಎಂದರು ಟೈಲರ್, ಆ ಸ್ಥಿತಿಯಲ್ಲೂ.

ಇಬ್ಬರೂ ಗಂಡ-ಹೆಂಡತಿ ಅಂತೆ. ವರ್ಷದಿಂದ ಬೇರೆ ಬೇರೆ ಮನೆ. ನಾಯಿ ಹಗಲು ಟೈಲರ್ ಅಂಗಡಿಯಲ್ಲಿ, ರಾತ್ರಿ ಟೀಚರ್ ಮನೆಯಲ್ಲಿ. ಪರಸ್ಪರ ಮಾತಿಲ್ಲ.

ಡಾಕ್ಟರಮ್ಮ ನನ್ನ ಸ್ಕ್ರೀನ್ ನೋಡಿದರು. ಎರಡು ನಂಬರ್, ಎರಡು ಹೆಸರು, ಎರಡು ಸಾಲು. ನಾಯಿ ಒಂದೇ. ದಿನಕ್ಕೆ ಎರಡು ಮಾತ್ರೆ.

"ತಪ್ಪು ನಂದು," ಎಂದೆ. ಯಾರೂ ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು.

ಡ್ರಿಪ್ ಹಾಕಿದರು. ನಾಲ್ಕು ಗಂಟೆಗೆ ನಾಯಿ ಆಕಳಿಸಿತು. ಇಬ್ಬರನ್ನೂ ನೋಡಿ ಬಾಲ ಆಡಿಸಿ, ಮತ್ತೆ ಗೊರಕೆ. ನಾನು ಹಿಂದಿನ ಕೋಣೆಗೆ ಹೋಗಿ ಅತ್ತೆ.

ಮಾರ್ಚ್ 16
ಅಕ್ಕನ ಎದುರು ಕೂತು ಎಲ್ಲ ಹೇಳಿದೆ. "ಅವತ್ತೇ ಹೇಳಿದ್ನಲ್ಲ" — ನಾಲ್ಕು ಸಲ. ಆಮೇಲೆ ಪೇಪರ್ ಹರಡಿದಳು. ಮಾಲೀಕರಿಗೊಂದು ಟೇಬಲ್, ಪ್ರಾಣಿಗೊಂದು, ಭೇಟಿಗೊಂದು. ಪ್ರತಿ ಪ್ರಾಣಿಗೂ ಅದರದೇ ನಂಬರ್.

"ಒಂದು ನಾಯಿಗೆ ಇಬ್ಬರಿದ್ರೆ?"

"ನಡುವೆ ಇನ್ನೊಂದು ಟೇಬಲ್. ಯಾವ ಪ್ರಾಣಿ ಯಾರ್ಯಾರದು ಅಂತ."

"ಆ ಇಬ್ಬರೂ ಮಾತಾಡ್ದೇ ಇದ್ರೆ?"

ಅಕ್ಕ ಪೆನ್ ಕೆಳಗಿಟ್ಟಳು. "ಅದಕ್ಕೆ ಟೇಬಲ್ ಇಲ್ಲ ಕಣೇ."

ಮಾರ್ಚ್ 29
ಮುನ್ನೂರ ಹನ್ನೆರಡು ಪ್ರಾಣಿ ಮತ್ತೆ ತುಂಬಿಸಿ ಮುಗಿಯಿತು. ಪ್ರತಿ ಮನೆಗೂ ಫೋನ್. ಹುಡುಕಿದರೆ ಇನ್ನೂ ಏಳು ಪ್ರಾಣಿ ಎರಡೆರಡು ಸಲ! ಕರಿನಾಯಿಯ ಹೆಸರಿನ ವಿಷಯದಲ್ಲಿ ಟೈಲರೂ ಜಗ್ಗಲಿಲ್ಲ, ಟೀಚರೂ ಜಗ್ಗಲಿಲ್ಲ. ಎರಡೂ ಬರೆದೆ. ನಾಯಿ ಮಾತ್ರ ಒಂದೇ ಸಾಲು.

ಮಾರ್ಚ್ 31, ಸಂಜೆ 5
ಹೊಸ ರಿಜಿಸ್ಟರಿನ ಮೊದಲ ಮೆಸೇಜು ಗುಳ್ಳೆ-ಬಟನ್‌ನ ಇಬ್ಬರಿಗೂ ಹೋಯಿತು. ಇಬ್ಬರೂ ಬಂದರು. ಬೆಂಚಿನ ಆ ತುದಿ, ಈ ತುದಿ, ನಡುವೆ ನಾಯಿ.

"ಮಾತ್ರೆ ಸಾಕು. ದಿನಕ್ಕೊಂದು ಸಲ ಮುಲಾಮು ಹಚ್ಚಿ," ಎಂದರು ಡಾಕ್ಟರಮ್ಮ. "ಒಬ್ಬರೇ!"

"ಯಾರು?" — ಇಬ್ಬರೂ ಒಟ್ಟಿಗೆ.

"ಅದನ್ನ ನೀವೇ ಮಾತಾಡ್ಕೊಳ್ಳಿ."

ಈಗ ಕಿಟಕಿಯಿಂದ ಕಾಣುತ್ತಿದೆ. ಗೇಟಿನ ಹತ್ತಿರ ನಿಂತಿದ್ದಾರೆ. ಹತ್ತು ನಿಮಿಷವಾಯಿತು. ಟೈಲರ್ ಏನೋ ಕೇಳಿದರು. ಟೀಚರ್ ತಲೆ ತಗ್ಗಿಸಿ — ನಗುತ್ತಿದ್ದಾರೋ, ಇಲ್ಲ… ಅಯ್ಯೋ, ಯಾರದೋ ಮೊಲ ಬುಟ್ಟಿಯಿಂದ ಹಾರಿತು, ಆಮೇಲೆ ಬರೆ—