ಗುಂಡ್ಯಾನ ಹಾಲುಹಲ್ಲು

ಇಂಡಿ
೧೮-೧೧-೧೯೯೯

ಚಿ. ಸೌ. ವಿಜಯಲಕ್ಷ್ಮಿಗೆ ನಿನ್ನ ಅತ್ತೆ ಸಿದ್ದವ್ವ ಮಾಡುವ ಆಶೀರ್ವಾದಗಳು.

ನಾವಿಲ್ಲಿ ಕ್ಷೇಮ ಎಂದು ಮೊದಲು ಬರೆಯಬೇಕು. ಆ ಮಾತು ಬರೆಯಲು ಕೈ ಏಳಲಿಲ್ಲ, ಅದಕ್ಕೇ ಇಷ್ಟು ದಿನ ತಡವಾಯಿತು. ಸಿಟ್ಟಾಗಬೇಡ. ಫೋನ್ ಮಾಡಿದರೆ ನಿನ್ನ ತಮ್ಮ ಎತ್ತಿ "ಅಕ್ಕ ಮಲಗ್ಯಾಳ್ರಿ" ಅನ್ನುತ್ತಾನೆ. ಮುಂಜಾನೆ ಮಾಡಿದರೂ ಮಲಗಿದ್ದೀ, ಸಂಜೆ ಮಾಡಿದರೂ ಮಲಗಿದ್ದೀ. ನಿನ್ನ ತವರು ಮುದ್ದೇಬಿಹಾಳದಲ್ಲಿ ಅಷ್ಟು ನಿದ್ದೆ ಎಲ್ಲಿಂದ ಬರುತ್ತದೋ, ಇಲ್ಲಿ ನಮಗ್ಯಾರಿಗೂ ಇಲ್ಲ. ನಾನೂ ಮುಲ್ಕಿ ಪರೀಕ್ಷೆ ಪಾಸಾದವಳು, ಬರೆದೇ ಹೇಳುತ್ತೇನೆ ಎಂದು ಕೂತಿದ್ದೇನೆ.

ದೀಪಾವಳಿಗೆ ಬರುತ್ತೀ ಎಂದು ಕಾದೆ. "ಆ ನಾಯಿ ಆ ಮನ್ಯಾಗ ಇರೋತನಕ ನಾ ಹೊಸ್ತಿಲಾ ತುಳಿಯಂಗಿಲ್ಲ" ಎಂದು ನಿಮ್ಮ ಅವ್ವನ ಕೈಲಿ ಹೇಳಿಸಿದಿ. ತಪ್ಪು ಅನ್ನುವುದಿಲ್ಲ. ನಮ್ಮ ಸುರೇಖಾನ ಶಾಲೆಯ ಬೂಟು ಕಚ್ಚಿಕೊಂಡು ಓಡಿದ್ದು ಅದೇ. ಅದರ ಹಿಂದೆ ಕೂಸು ರಸ್ತೆಗೆ ಓಡಿದ್ದು, ಟೆಂಪೋ ಬಂದದ್ದು, ಎಲ್ಲಾ ನಿನ್ನ ಕಣ್ಣ ಮುಂದೆಯೇ ಆಯಿತು. ಆರು ವರ್ಷದ ಮಗಳನ್ನು ಕಳಕೊಂಡ ತಾಯಿಗೆ ಆ ನಾಯಿಯ ಮುಖ ನೋಡು ಎಂದು ಯಾವ ಬಾಯಿಂದ ಹೇಳಲಿ?

ಆದರೆ ನಿನ್ನ ಗಂಡ ಅನಿಲ ಅದನ್ನು ಬಿಡಲೊಲ್ಲ. "ಸುರೇಖಾ ತಂದದ್ದವ್ವಾ ಅದು" ಅನ್ನುತ್ತಾನೆ. ಅದೂ ಖರೆ. ಕುರಿ ಕಾಯುವ ಅಮಸಿದ್ದ ನಮ್ಮ ಹೊಲದಲ್ಲಿ ಹಿಂಡು ತಂಗಿಸಿದಾಗ, ಇಷ್ಟೇ ಇಷ್ಟು ಮರಿಯನ್ನು ಫ್ರಾಕಿನೊಳಗೆ ಮುಚ್ಚಿಕೊಂಡು ತಂದಳಲ್ಲ ಹುಡುಗಿ. ಅದರ ಹೊಟ್ಟೆ ನೋಡಿ ಗುಂಡ್ಯಾ ಎಂದು ಹೆಸರಿಟ್ಟವಳೂ ಅವಳೇ. ಪಕ್ಕದ ಮನೆ ಬಾಳಮ್ಮ ಮೊನ್ನೆ ಬಂದು "ಆ ನಾಯಿನ್ನ ಇನ್ನೂ ಸಾಕೀರಲ್ಲ, ನಿಮ್ಮ ಎದಿ ಎಂಥಾದ್ರಿ" ಅಂದಳು. "ನಮ್ಮ ಎದಿ ನಮಗ ಗೊತ್ತೈತಿ, ನಿನ್ನ ಒಲಿ ಮ್ಯಾಲಿನ ಹಾಲು ನೋಡಿಕೋ ಹೋಗು" ಎಂದು ಕಳಿಸಿದೆ. ಆಮೇಲೆ ಒಳಗೆ ಬಂದು ಅತ್ತುಬಿಟ್ಟೆ.

ಅದರ ಹಾವಳಿಯನ್ನಾದರೂ ಕೇಳು. ಈ ಎರಡು ತಿಂಗಳಲ್ಲಿ ಮನೆಯೊಳಗೆ ಅದರ ಹಲ್ಲು ತಾಗದ ವಸ್ತು ಉಳಿದಿಲ್ಲ. ಅನಿಲನ ಚಪ್ಪಲಿ ಹೋದವು, ಹೊಸವು ತಂದ, ಅವೂ ಹೋದವು. ಹೊರಸು ಮಂಚದ ನುಲಿ ಹಗ್ಗ, ನನ್ನ ಕಸಬರಿಗೆ, ನಿನ್ನ ಹೊಲಿಗೆ ಮಶಿನ್ನಿನ ಬೆಲ್ಟು. ಲಿಂಬೆ ತೋಟದ ಡ್ರಿಪ್ ಪೈಪನ್ನೂ ಕಡಿದು, ಒಂದು ಸಾಲು ಗಿಡಕ್ಕೆ ಹನಿ ನೀರಿಲ್ಲ, ಇನ್ನೊಂದು ಸಾಲು ಕೆಸರೋ ಕೆಸರು. ಪೈಪಿಗೆ ಖಾರಪುಡಿ ಬಳಿದೆ. ನೆಕ್ಕಿತು, ಸೀನಿತು, ಮತ್ತೆ ಕಡಿಯಿತು ಮೂಳ. ಬಡಿಗೆ ತೊಗೊಂಡು ಎರಡು ಕೊಟ್ಟೆ. ಕುಂಯ್‌ಗುಡುತ್ತಾ ಹೋಗಿ ಹಿತ್ತಲಲ್ಲಿ ಕೂತು ನೀರಿನ ಕೊಳವೆ ಕಡಿಯಿತು.

ಕಡೆಗೆ ಅನಿಲ ಅದನ್ನು ದನದ ದವಾಖಾನೆಗೆ ಕರೆದುಕೊಂಡು ಹೊರಟ. ನಾನೂ ಬೆನ್ನು ಹತ್ತಿದೆ. ಸುಳ್ಳೇಕೆ ಹೇಳಲಿ, ಸೂಜಿ ಮಾಡಿ ಮುಗಿಸಿಬಿಡ್ರಿ ಎಂದು ಡಾಕ್ಟರರ ಕಿವಿಯಲ್ಲಿ ಹೇಳಬೇಕೆಂದೇ ಹೋಗಿದ್ದೆ. ಡಾಕ್ಟರು ಸಿಂದಗಿಯಿಂದ ಹೊಸದಾಗಿ ಬಂದವರು, ನಮ್ಮ ಮನೆಯ ಸುದ್ದಿ ಅವರಿಗೆ ಗೊತ್ತಿಲ್ಲ. ನಾನು ಬಾಯಿ ತೆರೆಯುವ ಮೊದಲೇ ಅದರ ಬಾಯಿ ತೆರೆದು ತೋರಿಸಿದರು.

"ನೋಡ್ರಿ ಅಮ್ಮಾರ, ಹಾಲುಹಲ್ಲು ಬಿದ್ದು ಹೊಸಾ ಹಲ್ಲು ಬರಾಕತ್ತಾವ. ವಸಡು ನೋಯ್ತಾವ, ಅದಕ್ಕ ಕಡೀತೈತಿ. ಹೊಡದ್ರ ಕದ್ದು ಕಡೀತೈತಿ, ಅಷ್ಟ. ಕಡಿಯಾಕ ಇದು ನಿಂದು ಅಂತ ಒಂದು ಕೊಡ್ರಿ. ದಪ್ಪ ಹಗ್ಗಕ್ಕ ಗಂಟು ಹಾಕಿ, ತಣ್ಣೀರಾಗ ನೆನಸಿ ಕೊಡ್ರಿ. ಚಪ್ಪಲಿ ಮ್ಯಾಲೆ ಇಡ್ರಿ. ದಿನಾ ತಿರುಗಾಡಸ್ರಿ, ಅದನ್ನೊಂದ ಬಿಟ್ಟು ಹೋಗಬ್ಯಾಡ್ರಿ."

ಅನಿಲ ಗೋಣು ಹಾಕುತ್ತಿದ್ದ. ಡಾಕ್ಟರು ಕೈ ತೊಳೆದುಕೊಳ್ಳುತ್ತಾ, "ಇನ್ನೊಂದ್ರಿ," ಅಂದರು. "ಏನರ ಕಚ್ಚಿಕೊಂಡು ಓಡಿದ್ರ ಬೆನ್ನ ಹತ್ತಬ್ಯಾಡ್ರಿ. ನೀವು ಓಡಿದ್ರ ಅದಕ್ಕ ಆಟ, ಇನ್ನೂ ದೂರ ಓಡ್ತೈತಿ. ನಿಂತಲ್ಲೇ ನಿಂತು ಒಂದು ರೊಟ್ಟಿ ಚೂರು ತೋರಸ್ರಿ, ಬಾಯಾಗಿಂದು ಬಿಟ್ಟು ತಾನ ಬರ್ತೈತಿ."

"ಅಂದ್ರ ಅದು ಆಟ ಆಡಾಕತ್ತಿತ್ತೇನ್ರಿ, ಸಾಹೇಬ್ರ?" ಎಂದು ಕೇಳಿದ ಅನಿಲ.

"ಹೌದ್ರಿ ಮತ್ತ. ಸಣ್ಣ ಮರಿ, ಅದಕ್ಕೇನು ತಿಳೀತೈತ್ರಿ."

ಹೊರಗೆ ಬಂದವನೇ ಬೇವಿನ ಗಿಡದ ಕೆಳಗೆ ಕೂತುಬಿಟ್ಟ. ಎಬ್ಬಿಸಿದರೆ ಏಳಲಿಲ್ಲ. ಎಮ್ಮೆ ಹಿಡಿದುಕೊಂಡು ಬಂದವರೆಲ್ಲ ಅವನನ್ನು ಸುತ್ತಿಕೊಂಡು ಹೋಗುತ್ತಿದ್ದರು. ಗುಂಡ್ಯಾ ಅವನ ತೊಡೆಯ ಮೇಲೆ ಹತ್ತಿ ಅಂಗಿಯ ಗುಂಡಿ ಕಡಿಯುತ್ತಿತ್ತು, ಅವನು ಬಿಡಿಸಿಕೊಳ್ಳಲಿಲ್ಲ. ವಿಜಯಾ, ನನ್ನ ಮಗ ಅತ್ತದ್ದನ್ನು ನಾನು ಅವತ್ತು ನೋಡಿದೆ. ಮಣ್ಣು ಮಾಡಿದ ದಿನ ಕಣ್ಣಲ್ಲಿ ನೀರು ಬರಲಿಲ್ಲ ಎಂದು ನೀನು ಅವನಿಗೆ ಕಲ್ಲು ಎಂದಿದ್ದೆಯಲ್ಲ. ಕಲ್ಲಲ್ಲವ್ವಾ ಅವನು. ಸೂಜಿಯ ಮಾತು ನನ್ನ ಬಾಯಿಂದ ಬರಲೇ ಇಲ್ಲ.

ಈಗ ಡಾಕ್ಟರು ಹೇಳಿದ ಹಾಗೆ ನಡೆದಿದೆ. ಬಾವಿಯ ಹಳೇ ಹಗ್ಗ ಗಂಟು ಹಾಕಿ ಹರವಿಯ ತಣ್ಣೀರಲ್ಲಿ ನೆನೆಸಿ ಕೊಡುತ್ತೇನೆ. ನಾನು ಜೋಳ ಹಸನು ಮಾಡುವಾಗ ಕಾಲ ಬಳಿ ಬಿದ್ದುಕೊಂಡು ಅದನ್ನೇ ಕಡಿಯುತ್ತಿರುತ್ತದೆ. ಹಗ್ಗಕ್ಕೆ ಒಂದಿಷ್ಟು ರಕ್ತ ಹತ್ತಿರುತ್ತದೆ. ಒಂದು ದಿನ ಅಂಗಳದಲ್ಲಿ ಅಕ್ಕಿಕಾಳಿನಂಥ ಹಲ್ಲು ಸಿಕ್ಕಿತು. ಸಂಜೆಗೆ ಅನಿಲ ತೋಟದೊಳಗೆ ತಿರುಗಾಡಿಸುತ್ತಾನೆ, ರಸ್ತೆಯ ಕಡೆ ಮಾತ್ರ ಒಯ್ಯುವುದಿಲ್ಲ. ಮೊನ್ನೆ ನನ್ನ ಸೌಟು ಕಚ್ಚಿಕೊಂಡು ಓಡಿತು. ಓಡಲಿಲ್ಲ ನಾನು. ನಿಂತಲ್ಲೇ ನಿಂತು ರೊಟ್ಟಿ ಚೂರು ತೋರಿಸಿದೆ. ಸೌಟು ಅಲ್ಲೇ ಬಿಟ್ಟು ಬಾಲ ಆಡಿಸುತ್ತಾ ಬಂತು. ಚೂರು ಅದರ ಬಾಯಿಗೆ ಹಾಕಿ ಅಲ್ಲೇ ನೆಲಕ್ಕೆ ಕೂತೆ. ಇಷ್ಟೇ ಇತ್ತೇನು? ಒಂದು ರೊಟ್ಟಿ ಚೂರು?

ಅಮಸಿದ್ದ ಅಮಾವಾಸ್ಯೆ ಆದ ಮೇಲೆ ಇತ್ತ ಬರುತ್ತಾನೆ. "ನಿಮಗ ಬ್ಯಾಡಾದ್ರ ಕೊಡ್ರಿ ಯವ್ವಾ, ಕುರಿ ಸಂಗಾಟ ಇರ್ತೈತಿ" ಎಂದು ಹೇಳಿ ಕಳಿಸಿದ್ದಾನೆ. ಅನಿಲನನ್ನು ಕೇಳಿದೆ. "ಆಕಿ ಬರ್ತಾಳಂದ್ರ ಕೊಟ್ಟುಬಿಡು" ಅಂದ. ಅಂದವನು ಎರಡು ಹೊತ್ತು ಉಣ್ಣಲಿಲ್ಲ. ನಾನು ಇಬ್ಬರಲ್ಲಿ ಯಾರ ಕಡೆಯೂ ಮಾತಾಡುವುದಿಲ್ಲ. ನನಗೆ ನೀನು ಬೇಕು. ಕೊಡು ಅಂದರೆ ಕೊಡುತ್ತೇನೆ, ಒಂದು ಸಾಲು ಬರೆದು ಹಾಕು.

ಹೊತ್ತಿಗೆ ಸರಿಯಾಗಿ ಉಣ್ಣು. ತಲೆಗೆ ಎಣ್ಣೆ ಹಚ್ಚಿಸಿಕೋ. ನಿಮ್ಮ ಅಪ್ಪ ಅವ್ವನಿಗೆ ನನ್ನ ಶರಣು ತಿಳಿಸು. ನೀನು ಎಲ್ಲೇ ಇರು, ನನ್ನ ಕೈ ನಿನ್ನ ತಲೆಯ ಮೇಲೆ ಇದೆ ಎಂದು ತಿಳಿ.

ನಿನ್ನ ಅತ್ತೆ,
ಸಿದ್ದವ್ವ

ತಾ. ಕ.: ಪತ್ರವನ್ನು ಅನಿಲ ಓದಿದ್ದಾನೆ. ಬೇರೆ ಬರೆದು ಒಳಗಿಟ್ಟ ಈ ಚೀಟಿ ಅವನಿಗೆ ಗೊತ್ತಿಲ್ಲ, ಅಂಟು ತರಲು ಅಂಗಡಿಗೆ ಹೋಗಿದ್ದಾನೆ. ಅವತ್ತು ನಾನು ಒಳಗೆ ರೊಟ್ಟಿ ಬಡಿಯುತ್ತಿದ್ದೆ. "ಓಡು ಸುರೇಖಾ, ಹಿಡಿ ಅದನ್ನ, ಸಾಲಿಗೆ ಹೊತ್ತಾತು" ಎಂದು ನೀನು ಕೂಗಿದ್ದು ನನಗೆ ಕೇಳಿಸಿತ್ತು. ಇಲ್ಲಿತನಕ ಯಾರಿಗೂ ಹೇಳಿಲ್ಲ, ನಿನ್ನ ಗಂಡನಿಗೂ ಹೇಳಿಲ್ಲ, ಹೇಳುವುದೂ ಇಲ್ಲ. ನಾಯಿಯನ್ನು ಕುರಿಯ ಹಿಂದೆ ಕಳಿಸಬಹುದು, ಆ ಮಾತನ್ನು ಎಲ್ಲಿಗೆ ಕಳಿಸುತ್ತೀ ನನ್ನವ್ವಾ? ಹೆಂಚಿನ ಮೇಲೆ ರೊಟ್ಟಿ ಇರದಿದ್ದರೆ ನಾನೇ ಹೊರಗೆ ಬಂದು ಹಾಗೇ ಕೂಗುತ್ತಿದ್ದೆ. ಯಾವ ತಾಯಿಯಾದರೂ ಕೂಗುತ್ತಿದ್ದಳು. ಅನಿಲನ ಸೈಕಲ್ಲಿನ ಸದ್ದು ಬಂತು. ಓದಿದ ಕೂಡಲೇ ಈ ಚೀಟಿಯನ್ನು ಒಲೆಗೆ ಹಾಕು, ಮತ್ತೆ ಮನೆಗೆ ಬಾ.