ಹನ್ನೆರಡನೆಯ ಗುಳಿಯ ಎರಡು ಹೊಡೆತ

ಬೆಳಗಿನ ಜಾವ ಮೂರು ಗಂಟೆ ಹತ್ತು ನಿಮಿಷ. ಬಯಲಿನಲ್ಲಿ ಯಾರೋ ಮರಳು ಸವರುವ ಹಲಗೆ ಎಳೆಯುತ್ತಿರುವ ಸದ್ದಿಗೆ ಎಚ್ಚರವಾಯಿತು. ನಿದ್ದೆ ಎನ್ನುವಂಥದ್ದೇನೂ ಬಂದಿರಲಿಲ್ಲ, ಕಣ್ಣು ಮುಚ್ಚಿ ಅರ್ಧ ಗಂಟೆಯೂ ಆಗಿರಲಿಲ್ಲ. ಇವತ್ತು ಎರಡನೆಯ ಆಷಾಢದ ಮೂವತ್ತೆರಡನೆಯ ದಿನ. ಅಂಥ ದಿನ ನಿನ್ನ ಕ್ಯಾಲೆಂಡರಿನಲ್ಲಿಲ್ಲ, ಗೊತ್ತು. ಬೇಸಿಗೆ ಉದ್ದವಾಗುತ್ತಾ ಹೋಗಿ ಪಂಚಾಂಗದೊಳಗೆ ಹಿಡಿಸದಾದಾಗ ಸೇರಿಸಿಕೊಂಡ ದಿನಗಳಲ್ಲಿ ಇದೂ ಒಂದು. ನಿಮ್ಮ ಎಣಿಕೆಯಲ್ಲಿ ಇದು ಎರಡು ಸಾವಿರದ ನೂರ ನಲವತ್ತೊಂದನೆಯ ಇಸವಿ.

ಮುನಿಲಕ್ಷ್ಮಿ ಅಜ್ಜಿ, ನಾನು ನಿನ್ನ ಮೊಮ್ಮಗಳ ಮೊಮ್ಮಗಳು, ಮಂದಾರೆ. ಅಜ್ಜಿ ಎಂದು ಬರೆಯುವಾಗ ಕೈ ತಡೆಯುತ್ತದೆ, ಏಕೆಂದರೆ ಇದನ್ನು ಓದುವ ನಿನಗೆ ಇಪ್ಪತ್ತೊಂದು, ನನಗೆ ಇಪ್ಪತ್ತೊಂಬತ್ತು. ನನ್ನ ಮಾತು ಎಲ್ಲಾದರೂ ವಿಚಿತ್ರವೆನಿಸಿದರೆ ಕ್ಷಮಿಸು. ಕಾಲೇಜಿನಲ್ಲಿ ಹಳಗಾಲದ ಕನ್ನಡವನ್ನು, ಅಂದರೆ ನಿಮ್ಮ ಕನ್ನಡವನ್ನು, ಎರಡು ವರ್ಷ ಓದಿದ್ದೇನೆ, ಅಷ್ಟರಲ್ಲೇ ನಿಭಾಯಿಸುತ್ತಿದ್ದೇನೆ. ಇದು ನಿನ್ನ ಫೋನಿಗೆ ಬರುವುದು ಹಿಂದೋಲೆಯ ಮೂಲಕ. ಹಿಂದೋಲೆ ಎಂದರೆ ಹಿಂದಿನವರಿಗೆ ಕಳಿಸುವ ಓಲೆ. ಒಂದು ಮನೆತನಕ್ಕೆ ಒಂದೇ, ಅದೂ ಸ್ವಂತ ರಕ್ತದವರಿಗೆ ಮಾತ್ರ. ನಮ್ಮ ಮನೆಯವರು ಅದನ್ನು ನೂರು ವರ್ಷವಾದರೂ ಬಳಸದೆ ಇಟ್ಟುಕೊಂಡಿದ್ದರು. ನಾನು ಯಾರನ್ನೂ ಕೇಳದೆ ಈಗ ಬಳಸುತ್ತಿದ್ದೇನೆ.

ನಮ್ಮ ಲೋಕವನ್ನು ಸ್ವಲ್ಪವಾದರೂ ಹೇಳಬೇಕು, ಇಲ್ಲದಿದ್ದರೆ ನಾನೇಕೆ ಗೋಗರೆಯುತ್ತಿದ್ದೇನೆಂದು ನಿನಗೆ ತಿಳಿಯುವುದಿಲ್ಲ. ಇಲ್ಲಿ ಎಲ್ಲ ಕಡೆಯೂ ನೋಡುಗಣ್ಣುಗಳಿವೆ. ಅಡುಗೆಮನೆಯಲ್ಲಿ, ತರಗತಿಯಲ್ಲಿ, ಬಸ್ಸಿನ ಸೀಟಿನ ಹಿಂದೆ, ಎಲ್ಲೆಲ್ಲೂ. ಯಾರು ಏನು ಮಾಡಿದರೆಂದು ಯಾರನ್ನೂ ಕೇಳಬೇಕಾಗಿಲ್ಲ, ಅವುಗಳನ್ನು ಕೇಳಿದರಾಯಿತು. ಹೀಗಾಗಿ ಮನುಷ್ಯನ ಬಾಯಿಮಾತಿಗೆ ಬೆಲೆಯೇ ಇಲ್ಲವಾಗಿದೆ. ಒಂದು ಜಾಗ ಮಾತ್ರ ಹೊರತು: ಗಾಲ್ಫ್ ಬಯಲು. ಹುಲ್ಲಿಗೆ ಹಾಯಿಸಲು ನೀರಿಲ್ಲವಾದ್ದರಿಂದ ಈಗ ಜಗತ್ತಿನ ಬಯಲುಗಳೆಲ್ಲ ನಿಮ್ಮ ಕೋಲಾರದ ಗಣಿಯೂರಿನ ಬಯಲಿನಂತೆಯೇ ಇವೆ. ಗುಳಿಯ ಸುತ್ತ ಹಸಿರಿಲ್ಲ, ಎಣ್ಣೆ ಬೆರೆಸಿ ಹದಮಾಡಿದ ಕಂದು ಮರಳು. ಬಿಸಿಲೇರುವ ಮೊದಲೇ ಆಟ ಮುಗಿಯಬೇಕಾದ್ದರಿಂದ ಹೆಂಗಸರು ನಡುರಾತ್ರಿಯೇ ಬಂದು ಮರಳು ಸವರಿ ಸಿದ್ಧಮಾಡುತ್ತಾರೆ. ನಾಲ್ಕು ವರ್ಷಕ್ಕೊಮ್ಮೆ ಹವ್ಯಾಸಿಗಳ ವಿಶ್ವ ತಂಡ ಪಂದ್ಯ ನಡೆಯುತ್ತದೆ. ನಿಮ್ಮಲ್ಲಿಯಂತೆಯೇ ತಂಡಕ್ಕೆ ಮೂವರು, ಪ್ರತಿದಿನ ಮೂವರಲ್ಲಿ ಕಡಿಮೆ ಹೊಡೆತದ ಎರಡು ಸ್ಕೋರು ಲೆಕ್ಕಕ್ಕೆ. ಅಲ್ಲಿ ನೋಡುಗಣ್ಣಿಲ್ಲ, ತಮ್ಮ ತಪ್ಪನ್ನು ಆಟಗಾರರು ತಾವೇ ಹೇಳಬೇಕು. ಅದನ್ನು ನೋಡಲೆಂದೇ ಜನ ದೇಶದೇಶಗಳಿಂದ ಬಂದು ಬಿಸಿಲಲ್ಲಿ ನಿಲ್ಲುತ್ತಾರೆ. ಆಟಕ್ಕೆ ಇಳಿಯುವ ಪ್ರತಿ ಮಗುವೂ ನಿನ್ನ ಚಿತ್ರದ ಮುಂದೆ ನಿಂತು ಹೇಳುವ ಮಾತೊಂದಿದೆ: “ಮುನಿಲಕ್ಷ್ಮಿ ಆಡಿದಂತೆ ಆಡುತ್ತೇನೆ, ಇದ್ದದ್ದನ್ನೇ ಬರೆಯುತ್ತೇನೆ.”

ಇವತ್ತು ಬೆಳಿಗ್ಗೆ ಆರಕ್ಕೆ ಆ ಮಾತನ್ನು ಹೇಳಬೇಕಾದವಳು ನನ್ನ ಮಗಳು ತುಂತುರು. ನಮ್ಮಲ್ಲಿ ಮಕ್ಕಳಿಗೆ ಮಳೆಯ ಹೆಸರಿಡುವುದು ವಾಡಿಕೆ. ಅವಳಿಗೆ ಒಂಬತ್ತು ವರ್ಷ. ಮೊನ್ನೆ ಆಯ್ಕೆಯ ಆಟದಲ್ಲಿ ಪೊದೆಯ ಹಿಂದೆ ಅವಳ ಕಾಲು ತಗುಲಿ ಚೆಂಡು ಒಂದು ಬೆರಳಷ್ಟು ಸರಿಯಿತಂತೆ. ಯಾರೂ ನೋಡಿರಲಿಲ್ಲ. ಇವಳೇ ಹೋಗಿ ಹೇಳಿದ್ದಾಳೆ. ಮನೆಗೆ ಬಂದವಳು ಚಪ್ಪಲಿಯನ್ನೂ ಬಿಡದೆ, “ಅಮ್ಮಾ, ನಂದು ಒಂದು ಹೊಡೆತ ಜಾಸ್ತಿ ಆಯ್ತು, ಆದ್ರೂ ತಗೊಂಡ್ರು! ಮುನಿಲಕ್ಷ್ಮಿ ಅಜ್ಜಿ ಆಗಿದ್ರೂ ಹೇಳ್ತಿದ್ರು ಅಲ್ವಾ?” ಎಂದಳು. ನಾನು ಹೂಂ ಎಂದೆ. ಅಂದಿನಿಂದ ನನಗೆ ನಿದ್ದೆಯಿಲ್ಲ.

ಏಕೆಂದರೆ ನಡೆದದ್ದು ನನಗೆ ಗೊತ್ತಿದೆ. ಎಂಬತ್ತಮೂರನೆಯ ವಯಸ್ಸಿನಲ್ಲಿ ಹಾಸಿಗೆ ಹಿಡಿದಾಗ ನೀನು ನಿನ್ನ ಮೊಮ್ಮಗಳಿಗೆ ಹೇಳಿದೆ. ಅವಳು ನನ್ನಜ್ಜಿ, ನನಗೆ ಹದಿನೈದಾದಾಗ ಹೇಳಿದಳು. “ನಿನ್ ಮಗಳಿಗೂ ಹೇಳು. ಬೇರೆ ಯಾರಿಗೂ ಹೇಳ್ಬೇಡ ಅಂತಾನೂ ಹೇಳು” ಎಂದಳು. ನಿನಗೆ ಅದು ಇವತ್ತು ಮಧ್ಯಾಹ್ನದ ಸಂಗತಿ. ವಿಶ್ವ ತಂಡ ಪಂದ್ಯದ ಮೂರನೆಯ ದಿನ, ಹನ್ನೆರಡನೆಯ ಗುಳಿ. ನಿನ್ನ ಚೆಂಡು ಬಂಕರಿನ ಆಳವಾದ ಮರಳುಗುಂಡಿಗೆ ಬಿತ್ತು, ಮೇಲಿದ್ದವರಿಗೆ ನಿನ್ನ ಟೋಪಿ ಮಾತ್ರ ಕಾಣುತ್ತಿತ್ತು. ನೀನು ಆಡಿ ಬೆಳೆದದ್ದು ಗಣಿಯೂರಿನ ಮರಳಿನ ಮೇಲೆ. ಆಡುವವರ ಚೀಲ ಹೊರುವ ಕ್ಯಾಡಿಯಾಗಿದ್ದ ನಿನ್ನಪ್ಪ ದಾಸಪ್ಪ ಐದು ವರ್ಷದ ನಿನಗೆ ಕಲಿಸಿದ ಮೊದಲ ಮಾತೇ, “ಮೊದ್ಲು ಮಣ್ಣು ಸವರಮ್ಮಿ, ಆಮೇಲೆ ಚೆಂಡು ನೋಡು.” ಅಲ್ಲಿ ಅದು ಪದ್ಧತಿ, ಸವರದೆ ಆಡಿದರೇ ನಗುತ್ತಾರೆ. ಬಂಕರಿನಲ್ಲಿ ಅದು ತಪ್ಪು, ಎರಡು ಹೊಡೆತದ ದಂಡ. ನಿನ್ನ ಕೈ ನಿನ್ನನ್ನು ಕೇಳದೆಯೇ ಚೆಂಡಿನ ಹಿಂದಿನ ಮರಳಿನ ಉಬ್ಬನ್ನು ಸವರಿತು. ಅದು ನಿನ್ನ ಗಮನಕ್ಕೇ ಬರಲಿಲ್ಲ. ಎಪ್ಪತ್ತೊಂದು ಹೊಡೆತ ಎಂದು ಸ್ಕೋರು ಕಾರ್ಡಿಗೆ ಸಹಿ ಹಾಕಿದೆ. ರಾತ್ರಿ ಊಟದಲ್ಲಿ ನಿನ್ನ ತಂಡದ ಮೈಸೂರಿನ ಹುಡುಗಿ ಸಂಹಿತಾ ಛೇಡಿಸಿದಳು: “ಏನೇ ಮುನ್ನಿ, ನಿಮ್ಮೂರಲ್ಲಿ ಹಲಗೆ ಹಿಡ್ಕೊಂಡೇ ಬಂಕರಿಗೆ ಇಳೀತೀರಾ?” ಎಲ್ಲರೂ ನಕ್ಕರು. ನೀನೂ ನಕ್ಕೆ. ಆಮೇಲೆ ಮಧ್ಯಾಹ್ನ ಕೈ ಮಾಡಿದ್ದು ನೆನಪಿಗೆ ಬಂದು, ಹಿಡಿದ ತುತ್ತನ್ನು ತಟ್ಟೆಗೇ ಇಟ್ಟುಬಿಟ್ಟೆ.

ಅಜ್ಜಿ, ಅಲ್ಲಿಯವರೆಗೆ ನಡೆದುದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ. ನಿಯಮವೂ ಅದನ್ನೇ ಹೇಳುತ್ತದೆ. ಗೊತ್ತಿಲ್ಲದೆ ಸಹಿ ಹಾಕಿದವಳು ಗೊತ್ತಾದೊಡನೆ ಹೇಳಿದರೆ ಎರಡು ಹೊಡೆತ ಸೇರಿಸುತ್ತಾರೆ, ಅಷ್ಟೇ. ಗೊತ್ತಾದ ಮೇಲೂ ಸುಮ್ಮನಿದ್ದು ಪಂದ್ಯ ಮುಗಿಸಿದರೆ ಅದು ಸುಳ್ಳು. ಮರುದಿನ ಬೆಳಿಗ್ಗೆ ಮೈದಾನಕ್ಕೆ ಇಳಿದ ಮೇಲೆ ಬಾಯಿ ಬರಲಿಲ್ಲವೆಂದು ಹಾಸಿಗೆ ಹಿಡಿದಾಗ ನೀನೇ ಹೇಳಿದ್ದೀಯಂತೆ. ಈ ರಾತ್ರಿ ಕ್ಯಾಪ್ಟನ್ನಿಗೆ ಹೇಳಲೆಂದು ಕೋಣೆಯ ಫೋನನ್ನು ನಾಲ್ಕು ಸಲ ಎತ್ತಿ ನಾಲ್ಕು ಸಲ ಇಟ್ಟೆಯಂತೆ. ನಾಳೆ ನೀವು ಐಸ್‌ಲ್ಯಾಂಡಿನ ಮೂವರನ್ನು ಒಂದೇ ಒಂದು ಹೊಡೆತದಿಂದ ಸೋಲಿಸುತ್ತೀರಿ. ಇದನ್ನು ನಿನಗೆ ಹೇಳಬಾರದಿತ್ತೋ ಏನೋ. ಆದರೆ ಮುಚ್ಚಿಟ್ಟು ಕೇಳಿಕೊಂಡರೆ ನಾನೂ ನಿನಗೆ ಮೋಸಮಾಡಿದಂತಾಗುತ್ತದೆ. ನೀನು ಬಾಯಿಬಿಟ್ಟರೆ ಕಪ್ ಹೋಗುತ್ತದೆ. ಬಿಡದಿದ್ದರೆ ಕಪ್ ಬರುತ್ತದೆ, ಆ ಕಪ್ಪಿನಿಂದಲೇ ನಿನ್ನ ಚಿತ್ರ ಗೋಡೆಗೇರುತ್ತದೆ, ಆಮೇಲೆ ಅರವತ್ತೆರಡು ವರ್ಷ ನೀನು ಗಾಲ್ಫ್ ಕೋಲು ಮುಟ್ಟುವುದಿಲ್ಲ.

ನನಗಿರುವ ಭಯವನ್ನೂ ಹೇಳಿಬಿಡುತ್ತೇನೆ. ನಿನ್ನ ನಾಳೆ ಬದಲಾದರೆ ನನ್ನ ಇವತ್ತು ಉಳಿಯುತ್ತದೆಯೇ? ನಿನ್ನ ರೈಲ್ವೆಯ ನೌಕರಿ, ಅಲ್ಲಿ ನಿನಗೆ ಪರಿಚಯವಾಗಲಿರುವ ತಾತ, ಅವರಿಂದ ಬಂದ ನಾವು? ನೌಕರಿಯ ಆದೇಶ ಪಂದ್ಯಕ್ಕೆ ಒಂದು ತಿಂಗಳು ಮೊದಲೇ ನಿನ್ನ ಕೈ ಸೇರಿತ್ತೆಂದು ಹಳೆಯ ಕಾಗದವೊಂದರಲ್ಲಿದೆ. ಅಷ್ಟೊಂದನ್ನೇ ನಂಬಿಕೊಂಡು ಬರೆಯುತ್ತಿದ್ದೇನೆ. ಸಾಲದೆಂದು ನನಗೂ ಗೊತ್ತು. ಪಕ್ಕದಲ್ಲಿ ತುಂತುರು ಬಾಯಿ ತೆರೆದುಕೊಂಡು ಮಲಗಿದ್ದಾಳೆ. ಬರೆಯುತ್ತಾ ಬರೆಯುತ್ತಾ ಅವಳ ಕಾಲನ್ನು ಮುಟ್ಟಿ ಮುಟ್ಟಿ ನೋಡುತ್ತಿದ್ದೇನೆ. ಅವಳನ್ನು ಎಬ್ಬಿಸಿ, ನಿನ್ನ ಅಜ್ಜಿ ಹಾಗೆ ಹೇಳಲಿಲ್ಲ ಕಂದಾ, ಎನ್ನಲು ನನ್ನಿಂದಾಗದು. ಏನೂ ಹೇಳದೆ ಅವಳನ್ನು ಆ ಚಿತ್ರದ ಮುಂದೆ ನಿಲ್ಲಿಸಲೂ ಆಗದು. ಚಿತ್ರವೇ ಇಲ್ಲದೆ ಹೋಗಲಿ, ನಿನ್ನ ಹೆಸರು ಯಾರಿಗೂ ಗೊತ್ತಿಲ್ಲದೆ ಹೋಗಲಿ, ಪರವಾಗಿಲ್ಲ. ಮೊನ್ನೆ ಅವಳು ಕೇಳಿದ್ದಕ್ಕೆ ನಾನು ಹೂಂ ಎಂದೆನಲ್ಲ, ಅದು ನಿಜವಾದರೆ ಸಾಕು.

ನಿಮ್ಮ ಕ್ಯಾಪ್ಟನ್ ಬೊಳ್ಳಮ್ಮ ಮೇಡಂ ಬಯ್ಯುವುದಿಲ್ಲ. ಇದು ನನ್ನ ಊಹೆಯಲ್ಲ. ನಿನಗೆ ಅರವತ್ತಾದ ಮೇಲೆ ಒಮ್ಮೆ ಅವರ ಮನೆಗೆ ಹೋಗಿ ಹೇಳಲು ಬಾಯಿ ತೆರೆದಿದ್ದೆಯಂತೆ, ಅವರೇ ತಡೆದು, “ಅವತ್ತು ರಾತ್ರಿ ನೀನು ಫೋನ್ ಮಾಡ್ತೀಯಾಂತ ನಾನು ಎದ್ದೇ ಇದ್ದೆ ಮಗಾ” ಎಂದರಂತೆ. ಅಂದರೆ ಈಗ, ನೀನು ಇದನ್ನು ಓದುತ್ತಿರುವ ಈ ಹೊತ್ತಿನಲ್ಲಿ, ಅವರು ಎದ್ದಿದ್ದಾರೆ. ಏನು ಹೇಳಲಿ, ಹೇಗೆ ಶುರುಮಾಡಲಿ ಎಂದೆಲ್ಲ ಯೋಚಿಸಬೇಡ. ಮೇಡಂ, ನಾನು ಮುನಿಲಕ್ಷ್ಮಿ ಎನ್ನು, ಅಷ್ಟು ಸಾಕು, ಉಳಿದದ್ದನ್ನು ಅವರು ಕೇಳಿಸಿಕೊಳ್ಳುತ್ತಾರೆ. ಇನ್ನೂ ಕತ್ತಲಿದೆ ಅಜ್ಜಿ. ಐದನೆಯ ಸಲ ಎತ್ತು. ಎತ್ತಿದ್ದನ್ನು ಇಡಬೇಡ. ಬೆಳಗಾಗುವ ಮೊದಲು ಫೋನ್ ಮಾಡು, ನಿನ್ನ ಕಾಲಿಗೆ ಬೀಳುತ್ತೇನೆ, ಬೆಳಗಾಗುವ ಮೊದಲು.